ಬಾನುಲಿ ತರಂಗ ಮತ್ತು ಪ್ರತಿವಾದಿಯ ಹಕ್ಕು

ಮುದ್ರಣಯಂತ್ರವನ್ನು ಹಣವುಳ್ಳವರು ಯಾರು ಬೇಕಾದರೂ ಸ್ಥಾಪಿಸಬಹುದು. ಬಾನುಲಿಯ ತರಂಗಾಂತರ ಹಾಗಲ್ಲ. ಒಂದೇ ಊರಿನಲ್ಲಿ, ಒಂದೇ ತರಂಗಾಂತರದಲ್ಲಿ ಇಬ್ಬರು ಮಾತನಾಡತೊಡಗಿದರೆ ಇಬ್ಬರ ಮಾತೂ ಕೇಳಿಸದು. ಆದುದರಿಂದ ಪ್ರಭುತ್ವವು ಕೆಲವರಿಗೆ ಪರವಾನಗಿ ಕೊಟ್ಟು ಉಳಿದವರನ್ನು ಹೊರಗಿಡಬೇಕಾಗುತ್ತದೆ. ಹೀಗೆ ಹೊರಗುಳಿದವರ ಅಭಿಪ್ರಾಯಕ್ಕೆ ಪರವಾನಗಿ ಪಡೆದವನು ಎಡೆಗೊಡಬೇಕೆ ಎಂಬ ಪ್ರಶ್ನೆಗೆ ಅಮೆರಿಕವು 1949ರಿಂದ 1987ರವರೆಗೆ 'ಹೌದು' ಎಂದೇ ಉತ್ತರಿಸಿತು.

ಅಲ್ಲಿನ ಸಂಪರ್ಕ ಆಯೋಗವು ರೂಪಿಸಿದ 'ಫೇರ್‌ನೆಸ್ ಡಾಕ್ಟ್ರಿನ್' ಎಂಬ ಈ ನೀತಿಯಲ್ಲಿ ಎರಡು ಕರ್ತವ್ಯಗಳಿದ್ದವು. ಸಾರ್ವಜನಿಕ ಮಹತ್ವದ ವಿವಾದಾಸ್ಪದ ವಿಷಯಗಳಿಗೆ ಪ್ರಸಾರಕನು ಸಮಯ ಮೀಸಲಿಡಬೇಕು. ಹಾಗೆ ಪ್ರಸಾರ ಮಾಡುವಾಗ ಭಿನ್ನಮತಕ್ಕೂ ಅವಕಾಶ ಕಲ್ಪಿಸಬೇಕು. ಇದು ಸಮಾನ ಸಮಯದ ನಿಯಮವೆಂಬ ತಪ್ಪು ತಿಳಿವಳಿಕೆ ಇಂದಿಗೂ ಇದೆ. ಚುನಾವಣಾ ಅಭ್ಯರ್ಥಿಗಳಿಗೆ ಸಮಾನಾವಕಾಶ ನೀಡುವುದು 1934ರ ಸಂಪರ್ಕ ಕಾಯಿದೆಯ 315ನೆಯ ಪ್ರಕರಣ; ಅದು ಬೇರೆ. ಇಲ್ಲಿ ಗಡಿಯಾರ ಹಿಡಿದು ಅಳೆಯುವ ಮಾತಿರಲಿಲ್ಲ.

ಈ ನೀತಿಯ ಅಗತ್ಯವೇನೆಂಬುದಕ್ಕೆ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದ ಡಬ್ಲ್ಯು.ಎಲ್.ಬಿ.ಟಿ. ದೂರದರ್ಶನ ಕೇಂದ್ರದ ಪ್ರಕರಣವೇ ಸಾಕ್ಷಿ. ಅದರ ಪ್ರಸಾರ ವ್ಯಾಪ್ತಿಯಲ್ಲಿ ಶೇಕಡ 45ರಷ್ಟು ಜನ ಕರಿಯರು. ಆದರೂ ವರ್ಣಭೇದ ನೀತಿಯ ಪರವಾದ ವಾದಕ್ಕೆ ಅಲ್ಲಿ ಧಾರಾಳ ಎಡೆಯಿತ್ತು; ವಿರುದ್ಧವಾದ ವಾದಕ್ಕೆ ಇರಲಿಲ್ಲ. ನಗರದ ಮೇಯರನ ಭಾಷಣಕ್ಕೆ ಉತ್ತರವಾಗಿ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಸಮಯ ಕೇಳಿದರು. 1963ರ ಮೇ 20ರಂದು ಅವರಿಗೆ 17 ನಿಮಿಷ ದೊರೆಯಿತು. ಜೂನ್ 12ರಂದು ಅವರು ತಮ್ಮ ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು. ಮುಂದೆ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಸಂಸ್ಥೆಯು ಈ ಕೇಂದ್ರದ ಪರವಾನಗಿಯನ್ನು ಪ್ರಶ್ನಿಸಿತು. ಪ್ರಸಾರವನ್ನು ಆಲಿಸುವ ಸಾಮಾನ್ಯ ಜನರಿಗೂ ದೂರು ಕೊಡುವ ಅಧಿಕಾರವಿದೆಯೆಂದು ಮೇಲ್ಮನವಿ ನ್ಯಾಯಾಲಯ 1966ರಲ್ಲಿ ತೀರ್ಮಾನಿಸಿತು; 1969ರಲ್ಲಿ ಪರವಾನಗಿಯ ನವೀಕರಣವನ್ನೇ ರದ್ದುಗೊಳಿಸಿತು.

ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು 'ರೆಡ್ ಲಯನ್' ಮೊಕದ್ದಮೆಯಲ್ಲಿ ಈ ನೀತಿಯನ್ನು ಸರ್ವಾನುಮತದಿಂದ ಎತ್ತಿಹಿಡಿಯಿತು. ಪೆನ್ಸಿಲ್ವೇನಿಯದ ಸಣ್ಣ ಬಾನುಲಿ ಕೇಂದ್ರವೊಂದು ಪಾದ್ರಿ ಬಿಲ್ಲಿ ಜೇಮ್ಸ್ ಹಾರ್ಗಿಸನ ಉಪನ್ಯಾಸವನ್ನು 1964ರಲ್ಲಿ ಪ್ರಸಾರ ಮಾಡಿತ್ತು. ಅದರಲ್ಲಿ ನಿಂದೆಗೊಳಗಾದ ಲೇಖಕ ಫ್ರೆಡ್ ಕುಕ್ ಉಚಿತವಾಗಿ ಉತ್ತರಿಸಲು ಅವಕಾಶ ಕೇಳಿದ್ದರು. ಪ್ರಸಾರಕನ ಹಕ್ಕಿಗಿಂತ ಕೇಳುಗನ ಹಕ್ಕೇ ಮೇಲು ಎಂಬುದು ತೀರ್ಪಿನ ತಿರುಳು. ಆದರೆ ಕಥೆಗೆ ಇನ್ನೊಂದು ಮುಖವಿದೆ. ಬಲಪಂಥೀಯ ಬಾನುಲಿಗಳನ್ನು ಕಂಗೆಡಿಸಲು ಡೆಮಾಕ್ರಾಟಿಕ್ ಪಕ್ಷವೇ ಇಂಥ ದೂರುಗಳಿಗೆ ಬೆಂಬಲವಾಗಿ ನಿಂತಿತ್ತೆಂದು ಸಿ.ಬಿ.ಎಸ್. ಸುದ್ದಿ ವಿಭಾಗದ ಮಾಜಿ ಮುಖ್ಯಸ್ಥ ಫ್ರೆಡ್ ಫ್ರೆಂಡ್ಲಿ 1970ರ ದಶಕದ ನಡುವಿನಲ್ಲಿ ಬಯಲಿಗೆಳೆದರು. ದುರ್ಬಲನಿಗೆ ದನಿ ಕೊಟ್ಟ ನಿಯಮವೇ ಆಳುವವರ ಕೈಯಲ್ಲಿ ಬೆತ್ತವೂ ಆಗಬಲ್ಲುದು ಎಂಬ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಪತ್ರಿಕೆಗಳ ವಿಷಯದಲ್ಲಿ ನ್ಯಾಯಾಲಯದ ನಿಲುವು ಬೇರೆ. ಟೀಕೆಗೊಳಗಾದ ಅಭ್ಯರ್ಥಿಯ ಉತ್ತರವನ್ನು ಪತ್ರಿಕೆ ಅಚ್ಚು ಮಾಡಲೇಬೇಕೆಂಬ ಫ್ಲೋರಿಡಾ ಕಾನೂನನ್ನು ಅದು 1974ರಲ್ಲಿ ತಳ್ಳಿಹಾಕಿತು. ಆ ತೀರ್ಪಿನಲ್ಲಿ 'ರೆಡ್ ಲಯನ್' ಹೆಸರೇ ಇಲ್ಲದಿರುವುದು ಸೋಜಿಗ.

ಕೇಬಲ್ ಬೆಳೆದಂತೆ ತರಂಗಾಂತರದ ಕೊರತೆಯ ವಾದ ಸಡಿಲಗೊಂಡಿತು. ವಿವಾದಕ್ಕೆ ಹೆದರಿ ಪ್ರಸಾರಕರು ವಿಷಯವನ್ನೇ ಕೈಬಿಡುತ್ತಾರೆ ಎಂದು ಆಯೋಗ 1985ರಲ್ಲಿ ಹೇಳಿತು. ನೀತಿಯನ್ನು ಶಾಸನವಾಗಿಸುವ ಮಸೂದೆಯನ್ನು ಅಧ್ಯಕ್ಷ ರೇಗನ್ 1987ರ ಜೂನ್‌ನಲ್ಲಿ ತಿರಸ್ಕರಿಸಿದರು. ಆಗಸ್ಟ್‌ನಲ್ಲಿ ಆಯೋಗ ಅದನ್ನು ಕೈಬಿಟ್ಟಿತು. ಏಕಪಕ್ಷೀಯ ರಾಜಕೀಯ ಮಾತುಗಾರಿಕೆಯ ಬಾನುಲಿ ಅಲ್ಲಿಂದೀಚೆಗೆ ಹುಲುಸಾಗಿ ಬೆಳೆಯಿತು. ಆದರೆ ಇಂದಿನ ಸುದ್ದಿವಾಹಿನಿಗಳ ಪಕ್ಷಪಾತಕ್ಕೆಲ್ಲ ಇದೇ ಕಾರಣವೆನ್ನುವುದು ಅವಸರದ ಮಾತು. ಪರವಾನಗಿ ಪಡೆದ ತರಂಗಾಂತರವನ್ನೇ ಆಧರಿಸಿದ್ದ ವಾದವನ್ನು ಕೇಬಲ್ ವಾಹಿನಿಗಳಿಗೆ ಹೊಂದಿಸುವುದು ಸುಲಭವಿರಲಿಲ್ಲ.

ಭಾರತದಲ್ಲಿ ವಾಯುತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ, ಬಂಗಾಳ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಸಾರಿತು. ಅದಕ್ಕೂ ಮೊದಲೇ ರಚಿತವಾದ 1990ರ ಪ್ರಸಾರ ಭಾರತಿ ಕಾಯಿದೆಯ 12ನೆಯ ಪ್ರಕರಣವು, ಭಿನ್ನಾಭಿಪ್ರಾಯಗಳನ್ನೂ ಒಳಗೊಂಡ ಸಮತೋಲಿತ ಮಾಹಿತಿ ನೀಡುವ ಹಾಗೂ ತನ್ನದೇ ಸಿದ್ಧಾಂತ ಪ್ರತಿಪಾದಿಸದಿರುವ ಹೊಣೆಯನ್ನು ನಿಗಮಕ್ಕೆ ವಹಿಸಿದೆ. ಆ ಕಾಯಿದೆ ಜಾರಿಗೆ ಬಂದದ್ದು 1997ರಲ್ಲಿ. ಖಾಸಗಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.