‘ಅಸು’ ಎಂದು ಬರೆದ ಮಗು

ಉಕ್ತಲೇಖನಕ್ಕೆ ಮೇಷ್ಟ್ರು ‘ಹಸು’ ಎನ್ನುತ್ತಾರೆ. ನಂಜನಗೂಡು ಕಡೆಯ ಮೂರನೇ ಕ್ಲಾಸಿನ ಹುಡುಗ ‘ಅಸು’ ಎಂದು ಬರೆಯುತ್ತಾನೆ. ಕೆಂಪು ಗೀಟು ಬೀಳುತ್ತದೆ. ಅವನ ಮನೆಯಲ್ಲಿ ಹಸು ‘ಅಸು’ವೇ, ಹಾಲು ‘ಆಲು’ವೇ. ಇದೇ ಸೀಮೆಯ ಮಾತಿನಲ್ಲಿ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದರು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹುಡುಗನಿಗೆ ಬಂದದ್ದು ಸೊನ್ನೆ.

ಪಕ್ಕದ ಸಾಲಿನ ಹುಡುಗಿಯದು ಬೇರೆ ಕತೆ. ಅವಳು ಒಮ್ಮೆ ‘ಹಸು’ ಎಂದು ಸರಿಯಾಗಿ ಬರೆದಿದ್ದಾಳೆ, ಎರಡು ಸಾಲು ಕೆಳಗೆ ಅದೇ ಪದ ‘ಸಹು’ ಆಗಿದೆ, ಪುಟ ತಿರುಗಿಸಿದರೆ ಬರೀ ‘ಹಸ’. ಹುಡುಗನ ತಪ್ಪಿಗೆ ಒಂದು ನಿಯಮವಿದೆ, ಹುಡುಗಿಯದಕ್ಕೆ ಇಲ್ಲ. ಆದರೂ ಇಬ್ಬರಿಗೂ ಊರಿನಲ್ಲಿ ಸಿಗುವ ಬಿರುದು ಒಂದೇ: ಓದು ತಲೆಗೆ ಹತ್ತದವರು. ಈ ಎರಡನ್ನೂ ಬಿಡಿಸಿ ನೋಡುವ ಕಸುಬಿಗೆ ನರಮನೋವೈಜ್ಞಾನಿಕ ಪರೀಕ್ಷೆ ಎಂದು ಹೆಸರು. ಬಾಯಿ ತುಂಬುವ ಹೆಸರಾದ್ದರಿಂದ ಜನ ‘ಐಕ್ಯೂ ಟೆಸ್ಟ್’ ಎಂದು ಮುಗಿಸುತ್ತಾರೆ. ಐಕ್ಯೂ ಅದರಲ್ಲಿ ಒಂದು ತುಂಡು ಮಾತ್ರ.

ನಂಜನಗೂಡು, ಟಿ. ನರಸೀಪುರದವರಿಗೆ ಇದಕ್ಕಾಗಿ ಬೆಂಗಳೂರಿನ ದಾರಿ ಹಿಡಿಯಬೇಕಾದ ಕಷ್ಟವಿಲ್ಲ. ನಂಜನಗೂಡಿನವರು ಚಾಮರಾಜನಗರದಿಂದ ಬರುವ ರೈಲು ಹತ್ತಿ ಮೈಸೂರಿನ ಚಾಮರಾಜಪುರಂ ನಿಲ್ದಾಣದಲ್ಲಿ ಇಳಿದರೆ ಮಾನಸಗಂಗೋತ್ರಿ ದೂರವೇನಲ್ಲ. ಅಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆಟೊದವರ ಬಾಯಲ್ಲಿ ‘ಸ್ಪೀಚ್ ಅಂಡ್ ಹಿಯರಿಂಗ್’. 1960ರ ದಶಕದಲ್ಲಿ ಹುಟ್ಟಿದ, ಕೇಂದ್ರ ಆರೋಗ್ಯ ಇಲಾಖೆಯ ಸ್ವಾಯತ್ತ ಸಂಸ್ಥೆ ಅದು. ಕಿವಿ, ಮಾತು, ಮನಶ್ಶಾಸ್ತ್ರ, ವಿಶೇಷ ಶಿಕ್ಷಣ ನಾಲ್ಕೂ ಒಂದೇ ಆವರಣದಲ್ಲಿರುವುದು ದೊಡ್ಡ ಅನುಕೂಲ. ಓದು ಹಿಂದುಳಿದ ಮಗುವಿಗೆ ಮೊದಲು ನೋಡಬೇಕಾದದ್ದು ಮಿದುಳನ್ನಲ್ಲ, ಕಿವಿ ಮತ್ತು ಕಣ್ಣನ್ನು. ಕಿವಿ ಮಂದವಿರುವ ಮಗು ‘ನನಗೆ ಕೇಳಿಸಲಿಲ್ಲ’ ಎನ್ನುವುದಿಲ್ಲ. ಎಲ್ಲರಿಗೂ ಇಷ್ಟೇ ಕೇಳಿಸುತ್ತದೆ ಎಂದುಕೊಂಡಿರುತ್ತದೆ.

ಮೈಸೂರಿಗೆ ಈ ಶಾಸ್ತ್ರ ಹೊಸದಲ್ಲ. ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಇಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ನಾವು ಅವರನ್ನು ನೆನೆಯುವುದು ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದ್ದಕ್ಕೆ; ಮನಶ್ಶಾಸ್ತ್ರಕ್ಕೆ ಆ ಭಾಗ್ಯವಿಲ್ಲ. ಅತ್ತ ಧಾರವಾಡದಲ್ಲಿ ವಿ.ವಿ. ಕಾಮತರು, 1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮಾಡಿದ್ದ ಪರೀಕ್ಷೆಯ ಪರಂಪರೆಯನ್ನು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ‘ಬಿನೆ–ಕಾಮತ್’ ಇವತ್ತಿಗೂ ಬಳಕೆಯಲ್ಲಿದೆ. ಹೆಮ್ಮೆಪಡೋಣ, ಆದರೆ ಅಜ್ಜನ ಕಾಲದ ಅಳತೆಗೋಲಿನಲ್ಲಿ ಮೊಮ್ಮಗನನ್ನು ಅಳೆಯುತ್ತಿದ್ದೇವಲ್ಲ ಎಂಬ ಮುಜುಗರವೂ ಇರಲಿ.

ನರಮನೋವೈಜ್ಞಾನಿಕ ಪರೀಕ್ಷೆ ಆರಂಭವಾಗುವುದು ತಾಯಿಯ ಜೊತೆಗಿನ ಮಾತಿನಿಂದ. ಹುಟ್ಟಿದ ಕೂಡಲೇ ಅತ್ತಿತಾ, ಫಿಟ್ಸ್ ಬಂದಿತ್ತಾ, ಮಾತು ಯಾವಾಗ ಬಂತು, ಎಷ್ಟು ಸಲ ಶಾಲೆ ಬದಲಾಯಿತು? ಆಮೇಲೆ ಮಗು ಮೇಜಿನ ಮುಂದೆ ಕೂರುತ್ತದೆ. ಹದಿನೈದು ಪದಗಳನ್ನು ಓದಿ ಹೇಳುತ್ತಾರೆ, ನೆನಪಿರುವಷ್ಟನ್ನು ಅದು ಒಪ್ಪಿಸಬೇಕು. ಅದೇ ಪಟ್ಟಿ ಐದು ಸಲ. ಬೇರೆ ಏನೇನೋ ಕೆಲಸ ಕೊಟ್ಟು, ಸುಮಾರು ಅರ್ಧ ಗಂಟೆ ಕಳೆದ ಮೇಲೆ ಥಟ್ಟನೆ ಕೇಳುತ್ತಾರೆ: ಆಗಲೇ ಹೇಳಿದ್ದೆನಲ್ಲ, ಆ ಪದಗಳು? ಮೊದಲ ಸಲ ನಾಲ್ಕೇ ಪದ ಹೇಳಿ ಐದನೇ ಸಲಕ್ಕೆ ಹನ್ನೆರಡಕ್ಕೆ ಏರಿದ ಮಗು ನಿಧಾನವಾಗಿ ಕಲಿಯುತ್ತದೆ, ಆದರೆ ಕಲಿಯುತ್ತದೆ. ಹನ್ನೆರಡಕ್ಕೆ ಏರಿ ಅರ್ಧ ಗಂಟೆಯಲ್ಲಿ ಮೂರಕ್ಕೆ ಇಳಿದ ಮಗುವಿನ ತೊಂದರೆ ಬೇರೆ. ಶಾಲೆಯ ಅಂಕಪಟ್ಟಿಯಲ್ಲಿ ಇಬ್ಬರಿಗೂ ಮೂವತ್ತೇ ಇದ್ದೀತು.

ಹೀಗೆಯೇ 4, 9, 2 ಎಂದರೆ 2, 9, 4 ಎಂದು ಹಿಂದುಮುಂದಾಗಿ ಹೇಳುವುದು, ಚಕ್ರವ್ಯೂಹದ ಚಿತ್ರದಲ್ಲಿ ಪೆನ್ಸಿಲ್ ಎತ್ತದೆ ದಾರಿ ಹುಡುಕುವುದು, ಬಣ್ಣದ ಚುಕ್ಕಿಗಳ ರಾಶಿಯಲ್ಲಿ ಹೇಳಿದ ಬಣ್ಣವನ್ನಷ್ಟೇ ಹೊಡೆದುಹಾಕುವುದು. ಹೊರಗಿನಿಂದ ನೋಡುವ ಅಪ್ಪನಿಗೆ ಆಟದಂತೆ ಕಂಡು, ‘ಇದಕ್ಕಾ ಒಂದು ದಿನದ ಕೂಲಿ ಬಿಟ್ಟು ಬಂದದ್ದು’ ಎನ್ನಿಸಿದರೆ ತಪ್ಪಲ್ಲ. ಪರೀಕ್ಷಕರ ಕಣ್ಣಿರುವುದು ಉತ್ತರದಷ್ಟೇ ದಾರಿಯ ಮೇಲೆ: ಯೋಚಿಸದೆ ನುಗ್ಗಿತೋ, ಯೋಚಿಸುತ್ತಲೇ ನಿಂತಿತೋ, ತಪ್ಪಿದ ಮೇಲೆ ತಿದ್ದಿಕೊಂಡಿತೋ. ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ, ಮಗು ದಣಿದರೆ ಇನ್ನೊಂದು ದಿನಕ್ಕೆ ಮುಂದೂಡುತ್ತಾರೆ.

ಕಲಿಕಾ ನ್ಯೂನತೆಗೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ರೂಪಿಸಿದ ಪರೀಕ್ಷೆಗಳ ಕಟ್ಟು ದೇಶದಾದ್ಯಂತ ಬಳಕೆಯಲ್ಲಿದೆ. 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12ರವರಿಗೆ ಇನ್ನೊಂದು. ಓದು, ಬರಹ, ಲೆಕ್ಕ, ಗಮನ, ನೆನಪು, ಕಣ್ಣು–ಕೈ ಹೊಂದಾಣಿಕೆ ಎಲ್ಲವೂ ಅದರಲ್ಲಿವೆ.

ಆದರೆ ಕನ್ನಡದ ಮಗುವನ್ನು ನೋಡುವಾಗ ಇಂಗ್ಲಿಷಿನ ಕನ್ನಡಕ ತೆಗೆದಿಡಬೇಕು. ಸಿನಿಮಾಗಳಲ್ಲಿ ತೋರಿಸುವಂತೆ ಅಕ್ಷರ ಕನ್ನಡಿಯಲ್ಲಿ ತಿರುಗಿದಂತೆ ಬರೆಯುವುದು ನಮ್ಮ ಲಿಪಿಯಲ್ಲಿ ದೊಡ್ಡ ಸಂಗತಿಯಲ್ಲ. ಇಲ್ಲಿ ಮಕ್ಕಳು ಎಡವುವುದು ಕಾಗುಣಿತದಲ್ಲಿ, ಒತ್ತಕ್ಷರದಲ್ಲಿ, ದ–ಧ, ಪ–ಷಗಳ ಹೊಟ್ಟೆಯ ಒಂದು ಗೆರೆಯಲ್ಲಿ. ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ ಎಂದು ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಹಾಗಿರುವಾಗ ಒಂದನೇ ತರಗತಿಯ ಮಗುವಿಗೆ ‘ಡಿಸ್ಲೆಕ್ಸಿಯಾ’ ಚೀಟಿ ಅಂಟಿಸುವುದು ಅವಸರ. ಇನ್ನು ನಮ್ಮ ‘ಅಸು’ ಹುಡುಗ: ಅವನು ಅಚ್ಚಾದ ‘ಹಾಲು’ ನೋಡಿ ‘ಆಲು’ ಎಂದು ಓದಿದರೆ ಓದಿದ್ದಾನೆ ಎಂದೇ ಲೆಕ್ಕ. ಬೈಸಿಕೊಂಡ ಮೇಲೆ ಮರುವಾರ ‘ಅಕ್ಕಿ’ಯನ್ನು ‘ಹಕ್ಕಿ’ ಮಾಡಿದರೂ ಗಾಬರಿಯಿಲ್ಲ, ನಿಯಮ ಹುಡುಕುತ್ತಿದ್ದಾನೆ. ಈ ಸೀಮೆಯ ಮಾತು ತಿಳಿಯದ ಪರೀಕ್ಷಕರು ಮಾತ್ರ ಇಲ್ಲಿ ಮೋಸಹೋದಾರು.

ದೊಡ್ಡ ಮಕ್ಕಳು ಬರುವುದು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಹೊಸ್ತಿಲಲ್ಲಿ, ಸರ್ಟಿಫಿಕೇಟಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದ್ದರಿಂದ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಅದು ಅವರ ಹಕ್ಕು. ಆದರೆ ಎಂಟನೇ ವಯಸ್ಸಿನಲ್ಲಿ ಬರಬೇಕಿದ್ದವರು ಹದಿನೈದಕ್ಕೆ ಬರುವಾಗ ಏಳು ವರ್ಷದ ಬೈಗುಳ ಒಳಗಿಳಿದಿರುತ್ತದೆ. ಆಗ ಪರೀಕ್ಷಕರು ಓದಿನ ಜೊತೆಗೆ ಆ ಹುಡುಗನ ಮಂಕನ್ನೂ ಅಳೆಯಬೇಕಾಗುತ್ತದೆ. ವರದಿ ಬಂದ ಮೇಲೂ ಮನೆಯವರು ಭದ್ರವಾಗಿಡುವುದು ಮೊಹರಿರುವ ಹಾಳೆಯನ್ನು. ‘ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ, ಉತ್ತರ ಬಾಯಲ್ಲಿ ಕೇಳಿ’ ಎಂಬಂಥ ಸಲಹೆಯ ಹಾಳೆ ಕ್ಲಾಸ್ ಟೀಚರ್ ಕೈ ಸೇರುವುದು ಕಡಿಮೆ. ಅದು ಇಂಗ್ಲಿಷಿನಲ್ಲಿದ್ದರಂತೂ ಮುಗಿಯಿತು.

ಹೋಗುವವರಿಗೆ ಒಂದು ಮಾತು. ಮಗುವಿಗೆ ಹೊಟ್ಟೆತುಂಬ ತಿಂಡಿ ತಿನ್ನಿಸಿ ಕರೆದೊಯ್ಯಿರಿ. ಚೀಲದಲ್ಲಿ ಶಾಲೆಯ ನೋಟ್‌ಬುಕ್ ಇರಲಿ, ಅದಕ್ಕೆಂದು ಹೊಸದೊಂದು ಕೊಂಡು ಚೆಂದವಾಗಿ ಬರೆಸಬೇಡಿ. ಕೆಂಪು ಗೀಟುಗಳಿರುವ, ತಪ್ಪು ಅಳಿಸದ ಹಳೆಯದೇ ಬೇಕು.