ಕೈ ಮುರಿದರೆ ಕ್ಲೇಮು, ಮನಸ್ಸು ಮುರಿದರೆ?

ಕೈ ಮುರೀತು, ಆಸ್ಪತ್ರೆಗೆ ಸೇರಿದ್ರಿ, ಇನ್ಶೂರೆನ್ಸ್ ಕಾರ್ಡ್ ತೋರಿಸಿದ್ರಿ. ಬಿಲ್ಲು ಕಂಪನಿ ಕಟ್ಟುತ್ತೆ. ಅದೇ ಮನಸ್ಸು ಮುರಿದರೆ? ನಿದ್ದೆ ಇಲ್ಲ, ಊಟ ಸೇರಲ್ಲ, ಕೆಲಸಕ್ಕೆ ಹೋಗೋಕೆ ಭಯ. ಡಾಕ್ಟರು ವಾರಕ್ಕೊಂದು ಥೆರಪಿ ಸೆಷನ್ ಬರೆದುಕೊಟ್ಟರು. ಒಂದಕ್ಕೆ 1,500 ರೂಪಾಯಿ ಅಂದುಕೊಂಡರೂ 12 ವಾರಕ್ಕೆ 18,000. ಇದನ್ನು ಕಟ್ಟೋರು ಯಾರು? ಬಹುತೇಕ ಸಲ ನೀವೇ ಸ್ವಾಮಿ!

ಕಾನೂನು ಇಲ್ವಾ ಅಂದ್ರೆ, ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತೆ: ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡ್ತೀರೋ, ಮಾನಸಿಕ ಕಾಯಿಲೆಗೂ ಅದೇ ಆಧಾರದ ಮೇಲೆ ಕೊಡಿ. 2018ರ ಮೇ 29ರಿಂದ ಇದು ಜಾರಿಯಲ್ಲಿದೆ. ಆದರೂ ಒಬ್ಬ ಮಹಿಳೆಯ ಆಸ್ಪತ್ರೆ ಬಿಲ್ಲನ್ನು ಕಂಪನಿ ತಿರಸ್ಕರಿಸಿತು, ಪ್ರಕರಣ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. 2021ರಲ್ಲಿ ಕೋರ್ಟ್ ಆಕೆಯ ಪರ ನಿಂತಿತು. 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಇದನ್ನು ಪಾಲಿಸಲೇಬೇಕು ಅಂತ ವಿಮಾ ನಿಯಂತ್ರಕ ಐಆರ್‌ಡಿಎಐ ಗಡುವು ಕೊಟ್ಟಿತು.

ಹಾಗಾದ್ರೆ ಎಡವಟ್ಟು ಎಲ್ಲಿ? ನಾನು ಓದಿದ್ದು ಎಂಜಿನಿಯರಿಂಗ್. ಸಿಸ್ಟಂ ಕೆಲಸ ಮಾಡದಿದ್ದಾಗ ಷರತ್ತು ಎಲ್ಲಿದೆ ಅಂತ ಹುಡುಕೋದು ಅಭ್ಯಾಸ. ಇಲ್ಲಿ ಷರತ್ತು ಇರೋದು '24 ಗಂಟೆ' ಅನ್ನೋ ಎರಡು ಪದದಲ್ಲಿ. ನಮ್ಮ ಸಾಮಾನ್ಯ ಆರೋಗ್ಯ ವಿಮೆ ಇರೋದೇ ಆಸ್ಪತ್ರೆಗೆ ದಾಖಲಾದವರಿಗೆ. ಥೆರಪಿ ಅಂದ್ರೆ ಒಂದು ಗಂಟೆ ಕೂತು ಮಾತಾಡಿ ಮನೆಗೆ ಬರೋದು, ಅಂದ್ರೆ ಒಪಿಡಿ. ಜ್ವರಕ್ಕೆ ಕ್ಲಿನಿಕ್‌ಗೆ ಹೋದರೂ ದುಡ್ಡು ಕೊಡಲ್ಲ, ಥೆರಪಿಗೂ ಕೊಡಲ್ಲ, ಇಬ್ಬರಿಗೂ ಸಮಾನ ನ್ಯಾಯ ಅಂತಾರೆ ಕಂಪನಿಯವರು! ಆದ್ರೆ ಆಸ್ಪತ್ರೆ ಸೇರೋ ಹಂತಕ್ಕೆ ಹೋಗದಂತೆ ತಡೆಯೋದೇ ಥೆರಪಿಯ ಕೆಲಸ ಅಲ್ವಾ? ಕಾಯಿಲೆ ಕೈಮೀರಿದ ಮೇಲಷ್ಟೇ ದುಡ್ಡು ಅನ್ನೋದು ಯಾವ ಸೀಮೆಯ ಲೆಕ್ಕ?

ಸದ್ಯಕ್ಕೆ ನೀವು ಮಾಡಬಹುದಾದ್ದು ಇಷ್ಟು. ಮೊದಲು ಪಾಲಿಸಿ ತೆಗೆದು 'ಒಪಿಡಿ' ಅನ್ನೋ ಪದ ಹುಡುಕಿ. ಕೆಲವು ಪಾಲಿಸಿಗಳಲ್ಲಿ, ಆಫೀಸು ಕೊಡೋ ಗುಂಪು ವಿಮೆಯಲ್ಲಿ, ಈ ಸೌಲಭ್ಯ ಇರುತ್ತೆ. ಇದ್ದರೆ ವರ್ಷಕ್ಕೆ ಎಷ್ಟು ಮಿತಿ, ಮನೋವೈದ್ಯರಿಗಷ್ಟೇನಾ, ಮನಶ್ಶಾಸ್ತ್ರಜ್ಞರ ಸೆಷನ್‌ಗೂ ಅನ್ವಯಿಸುತ್ತಾ ಅಂತ ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಬಿಲ್ಲಿನ ಮೇಲಿರಲಿ, ಜೊತೆಗೆ ಮನೋವೈದ್ಯರ ಚೀಟಿ ಇರಲಿ. ಆಸ್ಪತ್ರೆಗೆ ದಾಖಲಾಗಿ ಬಂದಿದ್ದರೆ, ಡಿಸ್ಚಾರ್ಜ್ ನಂತರ ಇಂತಿಷ್ಟು ದಿನದ ಖರ್ಚನ್ನೂ ಪಾಲಿಸಿಗಳು ಸಾಮಾನ್ಯವಾಗಿ ಕೊಡುತ್ತವೆ. ಅದೇ ಕಾಯಿಲೆಗೆ ಬರೆದುಕೊಟ್ಟ ಸೆಷನ್‌ಗಳನ್ನು ಅದರಲ್ಲಿ ಕೇಳಿ ನೋಡಿ.

ಇನ್ನೊಂದು ಮಾತು. 'ಯಾರಿಗಾದ್ರೂ ಗೊತ್ತಾದ್ರೆ?' ಅಂತ ಹೆದರಿ ಹಳೇ ಖಿನ್ನತೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಹೇಳಿದರೆ ಕಾಯುವ ಅವಧಿ ಬರಬಹುದು, ಅದು 3 ವರ್ಷ ಮೀರುವಂತಿಲ್ಲ. ಮುಚ್ಚಿಟ್ಟರೆ ಕ್ಲೇಮೇ ಕೈತಪ್ಪಬಹುದು. ಕ್ಲೇಮ್ ತಿರಸ್ಕಾರ ಆದ್ರೆ ಕಾರಣ ಬರಹದಲ್ಲಿ ಕೇಳಿ, ಕಂಪನಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಲ್ಲೇ ಕಚೇರಿ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ.

ಪಾಲಿಸಿಯೇ ಇಲ್ಲದವರು? ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. 2015-16ರ ರಾಷ್ಟ್ರೀಯ ಸಮೀಕ್ಷೆಯನ್ನು ನಡೆಸಿದ್ದು ನಮ್ಮ ನಿಮ್ಹಾನ್ಸ್. ಮಾನಸಿಕ ಸಮಸ್ಯೆ ಇರೋರಲ್ಲಿ, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯನ್ನೇ ಪಡೀತಿಲ್ಲ ಅಂತ ಅದು ಹೇಳಿತ್ತು. ಇಷ್ಟು ಜನ ಬಾಗಿಲಾಚೆ ನಿಂತಿರುವಾಗ, ಒಪಿಡಿ ಥೆರಪಿಯನ್ನು ಪ್ರತಿ ಪಾಲಿಸಿಗೂ ಕಡ್ಡಾಯ ಮಾಡಿ ಅಂತ ಐಆರ್‌ಡಿಎಐಯನ್ನು ಕೇಳೋದು ಅತಿಯಾಸೆ ಅಲ್ಲ. ನೀವೂ ಕೇಳಿ. ಪ್ರೀಮಿಯಂ ಕಟ್ಟೋರು ನೀವು.