ಕೊನೆಯ ಹೊಳಪಿಗೆ ಮೃದು ಫೋಮ್: ಕಾರಿನ ಬಣ್ಣದ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿಗಳು

ಮಹಾನಗರದಲ್ಲಿ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳಲ್ಲಿ ಕಾರು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಆದರೂ ಸಾಲ ಮಾಡಿ, ಕಂತು ಕಟ್ಟಿ ಕೊಂಡ ಕಾರಿನ ಮೇಲೆ ಮನೆಮಂದಿಗಿರುವ ಅಕ್ಕರೆ ಕಡಿಮೆಯಾಗಿಲ್ಲ. ಆಯುಧಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕೈಮುಗಿಯುತ್ತೇವೆ. ಆದರೆ ಅದರ ಮೈಬಣ್ಣವನ್ನು ಕಾಪಾಡುವ ಬಗೆ ನಮ್ಮಲ್ಲಿ ಬಹುಮಂದಿಗೆ ತಿಳಿಯದು. ನಾನೂ ಇದಕ್ಕೆ ಹೊರತಾಗಿರಲಿಲ್ಲ. ಕಲಾ ವಿಭಾಗದಲ್ಲಿ ಪದವಿ ಪಡೆದು, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಮೂರು ದಶಕ ಕಳೆದ ನನಗೆ ಪಾಲಿಶ್ ಯಂತ್ರದ ಪರಿಚಯವಾದದ್ದು ತುಸು ದುಬಾರಿಯಾದ ಒಂದು ಅನುಭವದಿಂದ.

2015ರಲ್ಲಿ ನಾನು ಕಪ್ಪು ಬಣ್ಣದ ಕಾರೊಂದನ್ನು ಕೊಂಡೆ. 2022ರಲ್ಲಿ ಮಗಳ ಮದುವೆ ನಿಶ್ಚಯವಾದಾಗ, ಮಂಕಾಗಿದ್ದ ಕಾರಿಗೆ ಹೊಳಪು ಕೊಡಿಸೋಣವೆಂದು ಉಪನಗರದ ಒಂದು ಗ್ಯಾರೇಜಿಗೆ ಒಪ್ಪಿಸಿದೆ. ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಸಂಜೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಾರು ಕನ್ನಡಿಯಂತೆ ಕಂಡಿತು. ಮರುದಿನ ಬೆಳಗಿನ ಬಿಸಿಲಿನಲ್ಲಿ ನೋಡಿದರೆ ಮೈತುಂಬ ಅಲೆ ಅಲೆಯಾದ ಬಿಳಿ ಛಾಯೆ. ಬಾನೆಟ್ಟಿನ ಏಣಿನ ಮೇಲೆ ಬೆರಳುದ್ದದ ಒಂದು ಮಂಕು ಕಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯ ಅರ್ಥ ಅಂದು ಚೆನ್ನಾಗಿಯೇ ಮನವರಿಕೆಯಾಯಿತು. ಕಾರುಗಳಿಗೆ ಬಣ್ಣ ಹಚ್ಚುವುದರಲ್ಲೇ ಆಯುಷ್ಯ ಸವೆಸಿದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಬೆರಳಾಡಿಸಿ ನೋಡಿ, "ಬಿಳಿ ಛಾಯೆಯನ್ನು ತೆಗೆಯಬಹುದು ಸಾಹೇಬರೇ, ಈ ಕಲೆ ಮಾತ್ರ ಹೋಗುವುದಿಲ್ಲ. ಇಲ್ಲಿ ಉಜ್ಜಲು ಏನೂ ಉಳಿದಿಲ್ಲ" ಎಂದರು. ಆ ದಿನ ಅವರು ವಿವರಿಸಿದ್ದನ್ನೂ, ಅನಂತರ ನಾನು ಓದಿ, ಕಣ್ಣಾರೆ ಕಂಡು ತಿಳಿದುಕೊಂಡದ್ದನ್ನೂ ಓದುಗರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಬಣ್ಣವೆಂದರೆ ಒಂದೇ ಪದರವಲ್ಲ

ಇಂದಿನ ಬಹುಪಾಲು ಕಾರುಗಳ ಮೈಮೇಲೆ ಹಲವು ಪದರಗಳಿರುತ್ತವೆ. ತಗಡಿಗೆ ಅಂಟಿಕೊಂಡಂತೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಈ ಕೊನೆಯದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಎಲ್ಲ ಪದರಗಳನ್ನು ಕೂಡಿಸಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರಿನಲ್ಲಿ 1000 ಮೈಕ್ರಾನ್ ಇರುತ್ತವೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ, ಕಾರಿನ ಹೊಳಪೆಲ್ಲ ಕೂದಲಿಗಿಂತಲೂ ತೆಳುವಾದ ಪದರವೊಂದನ್ನು ನಂಬಿಕೊಂಡಿದೆ ಎಂದಾಯಿತು.

ಪಾಲಿಶ್ ಮಾಡುವುದೆಂದರೆ ಏನನ್ನೋ ಬಳಿಯುವುದಲ್ಲ. ಈ ಲೇಪವನ್ನು ಅತಿ ಸೂಕ್ಷ್ಮವಾಗಿ ಸವೆಸುವುದು. ಗೀರಿನ ಎರಡೂ ದಡಗಳನ್ನು ಅದರ ತಳದ ಮಟ್ಟಕ್ಕೆ ಇಳಿಸಿದಾಗ ಗೀರು ಮಾಯವಾಗುತ್ತದೆ. ನನ್ನ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಕ್ಲಿಯರ್ ಕೋಟ್ ಎಂಬುದು ಹಣ ತೆಗೆಯಲು ಮಾತ್ರ ಅವಕಾಶವಿರುವ ಖಾತೆ. ಅದಕ್ಕೆ ಮತ್ತೆ ಜಮಾ ಮಾಡುವಂತಿಲ್ಲ, ಬಡ್ಡಿಯಂತೂ ಇಲ್ಲವೇ ಇಲ್ಲ. ಪ್ರತಿ ಸಲ ಪಾಲಿಶ್ ಮಾಡಿಸಿದಾಗಲೂ ಅಸಲು ಕರಗುತ್ತದೆ. ಏಣು, ಅಂಚುಗಳಲ್ಲಿ ಲೇಪ ಮೊದಲೇ ತೆಳುವಾಗಿರುವುದರಿಂದ ಅಲ್ಲಿ ಖಾತೆ ಬೇಗ ಬರಿದಾಗುತ್ತದೆ. ನನ್ನ ಬಾನೆಟ್ಟಿಗೆ ಆದದ್ದೂ ಅದೇ.

ಜೇಡರಬಲೆಯಂಥ ಗೀರುಗಳು

ಬಿಸಿಲಿನಲ್ಲಿ ನಿಂತ ಕಾರಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯಂತೆ ವೃತ್ತಾಕಾರದ ಗೀರುಗಳು ಕಾಣುವುದನ್ನು ಎಲ್ಲರೂ ಗಮನಿಸಿರಬಹುದು. ಇವು ನಿಜವಾಗಿ ವೃತ್ತಗಳಾಗಿರಬೇಕೆಂದಿಲ್ಲ. ದಿಕ್ಕುದೆಸೆಯಿಲ್ಲದೆ ಬಿದ್ದ ಸಾವಿರಾರು ಸಣ್ಣ ಗೀರುಗಳಲ್ಲಿ, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿಂಚಿ ನಮ್ಮ ಕಣ್ಣಿಗೆ ವೃತ್ತದ ಭ್ರಮೆ ಹುಟ್ಟಿಸುತ್ತವೆ. ಕಪ್ಪು, ಕಡುನೀಲಿ ಕಾರುಗಳಲ್ಲಿ ಇವು ಎದ್ದು ಕಾಣುತ್ತವೆ. ಬಿಳಿ ಕಾರಿನಲ್ಲಿ ಇದ್ದರೂ ತೋರುವುದಿಲ್ಲ.

ಇವುಗಳ ಮುಖ್ಯ ಕಾರಣ ನಮ್ಮ ವಸತಿ ಸಂಕೀರ್ಣಗಳ ಬೆಳಗಿನ ಪರಿಪಾಠ. ಒಂದೇ ಬಾಲ್ದಿ ನೀರು, ಒಂದೇ ಬಟ್ಟೆಯಿಂದ ಇಪ್ಪತ್ತು ಕಾರುಗಳನ್ನು ಒರೆಸಿದರೆ, ಬಟ್ಟೆಗಂಟಿದ ಧೂಳಿನ ಕಣಗಳೇ ಮರಳುಕಾಗದವಾಗುತ್ತವೆ. ತಪ್ಪು ಒರೆಸುವ ಹುಡುಗನದಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು, ಮತ್ತೊಂದು ಬಾಲ್ದಿ ನೀರಿಗೂ ಲೆಕ್ಕ ಹಾಕುವ ನಮ್ಮದು.

ಒರಟಿನಿಂದ ನಯದ ಕಡೆಗೆ

ಮುಂಬಯಿಯ ಹಳೆಯ ಮನೆಗಳ ಮೊಸಾಯಿಕ್ ನೆಲವನ್ನು ಪಾಲಿಶ್ ಮಾಡುವುದನ್ನು ನೋಡಿದವರಿಗೆ ಈ ಕ್ರಮ ಸುಲಭವಾಗಿ ಅರ್ಥವಾಗುತ್ತದೆ. ಮೊದಲು ಒರಟು ಕಲ್ಲು, ಆಮೇಲೆ ಅದಕ್ಕಿಂತ ನಯವಾದದ್ದು, ಕೊನೆಗೆ ಅತಿ ನಯವಾದದ್ದು. ಪ್ರತಿಯೊಂದು ಕಲ್ಲೂ ಹಿಂದಿನ ಕಲ್ಲು ಬಿಟ್ಟ ಗೀರನ್ನು ಅಳಿಸಿ, ತನ್ನದೇ ಆದ ಇನ್ನೂ ಸಣ್ಣ ಗೀರನ್ನು ಬಿಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ನಾವು ಅದನ್ನು ಹೊಳಪು ಎನ್ನುತ್ತೇವೆ.

ಕಾರಿಗೂ ಇದೇ ನಿಯಮ. ಆಳವಾದ ಗೀರುಗಳಿಗೆ ರಬ್ಬಿಂಗ್ ಕಾಂಪೌಂಡನ್ನು ಉಣ್ಣೆಯ ಪ್ಯಾಡಿನಿಂದಲೋ ಗಟ್ಟಿ ಫೋಮಿನಿಂದಲೋ ತಿಕ್ಕುತ್ತಾರೆ. ಉಣ್ಣೆಯ ಎಳೆಗಳು ಬೇಗ ಸವೆಸುತ್ತವೆ, ಆದರೆ ತಮ್ಮ ಗುರುತನ್ನೂ ಬಿಟ್ಟು ಹೋಗುತ್ತವೆ. ಒಂದೇ ದಿಕ್ಕಿಗೆ ಗಿರಗಿರನೆ ಸುತ್ತುವ ಯಂತ್ರ ಬಿಟ್ಟ ಇಂಥ ಗುರುತುಗಳು ಬಿಸಿಲಿನಲ್ಲಿ ಅಲೆಗಳಂತೆ ಹೊಳೆಯುತ್ತವೆ. ಕೆಲಸಗಾರರು ಇದನ್ನು ಹೋಲೋಗ್ರಾಂ ಎನ್ನುತ್ತಾರೆ. ನನ್ನ ಕಾರಿನ ಬಿಳಿ ಛಾಯೆ ಇದೇ ಆಗಿತ್ತು. ಗ್ಯಾರೇಜಿನವರು ಮೊದಲ ಹಂತದಲ್ಲೇ ಕೆಲಸ ನಿಲ್ಲಿಸಿ, ಮೇಲೆ ಎಣ್ಣೆಯಂಶದ ದ್ರವ ಸವರಿ ಕೈತೊಳೆದುಕೊಂಡಿದ್ದರು.

ಮೃದು ಫೋಮಿನ ಗುಣ

ಕೊನೆಯ ಹಂತದ ಪ್ಯಾಡು ಪಾಲಿಯುರಿಥೇನ್ ಎಂಬ ವಸ್ತುವಿನಿಂದ ಮಾಡಿದ, ಹಿಸುಕಿದರೆ ಸುಲಭವಾಗಿ ಕುಗ್ಗುವ ಸ್ಪಂಜು. ಅದು ಮೃದುವಾಗಿರಬೇಕಾದುದಕ್ಕೆ ಕಾರಣಗಳಿವೆ. ಗಟ್ಟಿ ಪ್ಯಾಡು ಪಾಲಿಶಿನಲ್ಲಿರುವ ಉಜ್ಜುವ ಕಣಗಳನ್ನು ಲೇಪದೊಳಕ್ಕೆ ಒತ್ತುತ್ತದೆ. ಮೃದು ಪ್ಯಾಡು ತಾನೇ ಬಾಗಿ, ಒತ್ತಡವನ್ನು ಎಲ್ಲೆಡೆ ಸಮನಾಗಿ ಹಂಚುತ್ತದೆ, ಉಬ್ಬುತಗ್ಗುಗಳಿಗೆ ಹೊಂದಿಕೊಳ್ಳುತ್ತದೆ, ಸವೆತ ಅತ್ಯಲ್ಪವಾಗುತ್ತದೆ. ಇದರೊಡನೆ ಬಳಸುವ ಪಾಲಿಶಿನ ಕಣಗಳೂ ಅತಿ ನುಣ್ಣಗಿರಬೇಕು. ಮೃದು ಪ್ಯಾಡಿಗೆ ಒರಟು ಕಾಂಪೌಂಡ್ ಹಚ್ಚಿದರೆ ಪ್ರಯೋಜನವಿಲ್ಲ.

ಪ್ಯಾಡುಗಳು ಹಳದಿ, ಕಿತ್ತಳೆ, ಬಿಳಿ, ಕಪ್ಪು ಹೀಗೆ ನಾನಾ ಬಣ್ಣಗಳಲ್ಲಿ ಬರುತ್ತವೆ. ಆದರೆ ಬಣ್ಣಕ್ಕೂ ಮೃದುತ್ವಕ್ಕೂ ಎಲ್ಲ ತಯಾರಕರಿಗೂ ಒಪ್ಪಿಗೆಯಾದ ನಿಯಮವಿಲ್ಲ. ಒಬ್ಬರ ಕಪ್ಪು ಪ್ಯಾಡು ಮತ್ತೊಬ್ಬರ ಕಪ್ಪಿನಷ್ಟು ಮೃದುವಾಗಿರಬೇಕೆಂದಿಲ್ಲ. ಬಣ್ಣ ನೋಡಿ ಕೊಳ್ಳದೆ, ಹೊದಿಕೆಯ ಮೇಲಿನ ವಿವರಣೆ ಓದಿ, ಬೆರಳಿನಿಂದ ಒತ್ತಿ ನೋಡಿ ಕೊಳ್ಳುವುದು ಜಾಣತನ.

ಕೆಲಸದ ಕ್ರಮ

ಮೊದಲು ಕಾರನ್ನು ಧಾರಾಳ ನೀರಿನಿಂದ ತೊಳೆದು ಒಣಗಿಸಬೇಕು. ನೆರಳಿನಲ್ಲಿ, ತಗಡು ತಣ್ಣಗಿರುವಾಗಲೇ ಕೆಲಸ ಆರಂಭಿಸಬೇಕು. ಏಣು, ಅಂಚುಗಳ ಮೇಲೆ ಅಂಟುಪಟ್ಟಿ ಹಚ್ಚಿಕೊಂಡರೆ ಕ್ಷೇಮ. ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ಗಾತ್ರದ ನಾಲ್ಕೈದು ಹನಿ ಪಾಲಿಶ್ ಸಾಕು. ಒಮ್ಮೆಗೆ ಎರಡಡಿ ಉದ್ದ, ಎರಡಡಿ ಅಗಲದ ಭಾಗವನ್ನಷ್ಟೇ ತೆಗೆದುಕೊಂಡು, ಪ್ಯಾಡನ್ನು ಸಮತಟ್ಟಾಗಿ ಹಿಡಿದು, ನಿಧಾನವಾಗಿ ಮೊದಲು ಅಡ್ಡಕ್ಕೆ, ಆಮೇಲೆ ಉದ್ದಕ್ಕೆ ಸಾಗಬೇಕು. ಯಂತ್ರದ ತೂಕವೇ ಸಾಕು, ಕೈಯಿಂದ ಒತ್ತಬೇಕಾಗಿಲ್ಲ. ಸುತ್ತುವ ಯಂತ್ರವಾದರೆ ನಿಮಿಷಕ್ಕೆ ಸುಮಾರು 1000ದಿಂದ 1200 ಸುತ್ತು ಮೀರದಿರಲಿ. ಹೊಸಬರಿಗೆ, ಸುತ್ತುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆಕ್ಷನ್ ಯಂತ್ರವೇ ಸುರಕ್ಷಿತ; ಅದರಲ್ಲಿ ಶಾಖವೂ ಕಡಿಮೆ, ಹೋಲೋಗ್ರಾಮಿನ ಭಯವೂ ಕಡಿಮೆ.

ಪ್ರತಿ ಭಾಗ ಮುಗಿದ ಮೇಲೆ ಪ್ಯಾಡಿನ ಮುಖವನ್ನು ಮೃದು ಬ್ರಷ್ಷಿನಿಂದ ಶುಚಿಗೊಳಿಸಬೇಕು. ಇಲ್ಲದಿದ್ದರೆ ಕೂಡಿಕೊಂಡ ಪುಡಿಯೇ ಹೊಸ ಗೀರು ಎಳೆಯುತ್ತದೆ. ನೆಲಕ್ಕೆ ಬಿದ್ದ ಪ್ಯಾಡನ್ನು ತೊಳೆಯದೆ ಮತ್ತೆ ಮುಟ್ಟಿಸಲೇಬಾರದು. ಕೆಲಸವಾದ ಬಳಿಕ ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನಿನಿಂದ ತೊಳೆದು, ಹಿಂಡಿ, ನೆರಳಿನಲ್ಲಿ ಒಣಗಿಸಿದರೆ ಅದು ಹಲವು ಸಲ ಬಾಳುತ್ತದೆ.

ಒಂದು ಮಾತು ನೆನಪಿರಲಿ: ಮೃದು ಪ್ಯಾಡು ಪವಾಡ ಮಾಡುವುದಿಲ್ಲ. ಉಗುರು ತಡೆಯುವಷ್ಟು ಆಳವಾದ ಗೀರು ಅದರಿಂದ ಹೋಗದು. ಅಂಥದ್ದನ್ನು ಪಾಲಿಶಿನಿಂದ ತೆಗೆಯುವ ಹಟವನ್ನೇ ಬಿಡುವುದು ಒಳ್ಳೆಯದು. ವ್ಯಾಕ್ಸ್ ಗೀರುಗಳನ್ನು ಕೆಲಕಾಲ ಮರೆಮಾಚುತ್ತದೆಯೇ ಹೊರತು ತೆಗೆಯುವುದಿಲ್ಲ.

ಗ್ಯಾರೇಜಿನಲ್ಲಿ ಕೇಳಬೇಕಾದುದು

ನಮ್ಮಲ್ಲಿ ಬಹುಪಾಲು ಮಂದಿ ಈ ಕೆಲಸವನ್ನು ತಾವೇ ಮಾಡಲಾರರು. ಆದರೆ ಕೇಳುವ ಹಕ್ಕು ನಮಗಿದೆ. ಉಣ್ಣೆಯ ಪ್ಯಾಡಿನ ಬಳಿಕ ಮೃದು ಫೋಮಿನ ಹಂತ ಉಂಟೇ? ಅದಕ್ಕೆ ಬೇರೆ ನುಣ್ಣನೆಯ ಪಾಲಿಶ್ ಬಳಸುತ್ತೀರಾ? ಲೇಪದ ದಪ್ಪ ಅಳೆಯುವ ಉಪಕರಣ ಇದೆಯೇ? ಕೆಲಸ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಒಂದು ಭಾಗವನ್ನು ಒರೆಸಿ, ಎಣ್ಣೆಯಂಶ ಹೋದ ಬಳಿಕ ಬಿಸಿಲಿನಲ್ಲಿ ತೋರಿಸಿ ಎನ್ನಿ. ಸಂಜೆಯ ದೀಪದಲ್ಲಿ ಕಾರನ್ನು ವಶಕ್ಕೆ ಪಡೆಯಬೇಡಿ. ಸಾಲದ ಕಾಗದಕ್ಕೆ ಓದದೆ ಸಹಿ ಹಾಕಬೇಡಿ ಎಂದು ಗ್ರಾಹಕರಿಗೆ ದಿನವೂ ಹೇಳುತ್ತಿದ್ದ ನಾನೇ ಅಂದು ಆ ತಪ್ಪು ಮಾಡಿದ್ದೆ.

ಬಾನೆಟ್ಟಿಗೆ ಕೊನೆಗೂ ಹೊಸ ಬಣ್ಣವನ್ನೇ ಹಾಕಿಸಬೇಕಾಯಿತು. ಉಳಿದ ಮೈಯನ್ನು ಆ ಹಿರಿಯರು ಒಂದು ಭಾನುವಾರ ನಮ್ಮ ಕಟ್ಟಡದ ನೆರಳಿನಲ್ಲಿ, ಮೃದು ಪ್ಯಾಡಿನಿಂದ, ಮಧ್ಯಾಹ್ನದ ಊಟಕ್ಕಷ್ಟೇ ಬಿಡುವು ತೆಗೆದುಕೊಂಡು ಸಂಜೆಯವರೆಗೆ ಮಾಡಿದರು. ಮಗಳು ಅದೇ ಕಾರಿನಲ್ಲಿ ಮದುವೆ ಮಂಟಪಕ್ಕೆ ಹೋದಳು. ಬಿಸಿಲಿನಲ್ಲಿ ಬಾನೆಟ್ಟಿನ ಕಪ್ಪಿಗೂ ಬಾಗಿಲಿನ ಕಪ್ಪಿಗೂ ಎಳೆಯಷ್ಟು ವ್ಯತ್ಯಾಸ ಇಂದಿಗೂ ಕಾಣುತ್ತದೆ. ಬೇರೆಯವರಿಗೆ ತಿಳಿಯದು, ನನಗೆ ತಿಳಿಯುತ್ತದೆ. ಅಂದಿನಿಂದ ಕಾರು ಒರೆಸುವ ಹುಡುಗನಿಗೆ ನಮ್ಮ ಮನೆಯಿಂದ ಪ್ರತ್ಯೇಕ ಬಾಲ್ದಿ, ಎರಡು ಮೈಕ್ರೋಫೈಬರ್ ಬಟ್ಟೆ, ತಿಂಗಳಿಗೆ ಇನ್ನೂರು ರೂಪಾಯಿ ಹೆಚ್ಚಿಗೆ ಸಲ್ಲುತ್ತಿದೆ. ಪಾಲಿಶ್ ಮಾಡಿಸುವ ಅಗತ್ಯ ಮತ್ತೆ ಬಿದ್ದಿಲ್ಲ. ಅಸಲನ್ನು ಮುಟ್ಟದೆ ಇರುವುದೇ ಎಲ್ಲಕ್ಕಿಂತ ದೊಡ್ಡ ಉಳಿತಾಯವೆಂಬುದು ಈ ಖಾತೆಗೂ ಸಲ್ಲುವ ಮಾತು.